ಸೊಂಟ ನೆಟ್ಟಗ, ಕುತ್ತಿಗಿ ಮ್ಯಾಲ

ಸುಮ್ಮನೆ ನೆಟ್ಟಗೆ ಕೂಡುತ್ತೇನೆಂದರೂ ನನ್ನ ಪಾಲಿಗೆ ಏನಾದರೊಂದು ಫಜೀತಿ ಕಾದೇ ಇರುತ್ತದೆ. ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತು ಎಂಐಡಿಸಿಯ ಟವೆಲ್ ಕಾರಖಾನೆಯಲ್ಲಿ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುವುದು ನನ್ನ ಕೆಲಸ. ಕುತ್ತಿಗೆ ಹಿಡಿದುಕೊಂಡಾಗ ಸೋಲಾಪುರದ ಡಾಕ್ಟರು, "ಸೊಂಟ ನೆಟ್ಟಗ, ಕುತ್ತಿಗಿ ಮ್ಯಾಲ! ಹಿಂಗ ಬಗ್ಗಿ ಕುಂತ್ರ ಕೆಲಸಾನ ಬಿಡಬೇಕಾಕ್ಕೈತಿ ನೋಡ್ರಿ" ಎಂದರು. ಕರಜಗಿಯಲ್ಲಿದ್ದ ಅವ್ವನಿಗೆ ಅಷ್ಟೇ ಸಾಕಾಯಿತು. "ಬಿಟ್ಟಬಿಡು, ಲಗ್ನಾ ಮಾಡ್ಕೊ" ಎಂದಳು. ನನಗೋ ಆ ಕೆಲಸವೆಂದರೆ ಪ್ರಾಣ.

ಪರದೆಯ ಕೆಳಗಿನ ಟವೆಲ್

ಪರದೆ ಕಣ್ಣಿನ ಮಟ್ಟಕ್ಕೆ ಬರಲೆಂದು ಅದರ ಕೆಳಗೆ ಎಂಟು ಸ್ಯಾಂಪಲ್ ಟವೆಲ್ ಮಡಚಿ ಇಟ್ಟೆ. ಸ್ವರ್ಗ! ಮರುದಿನ ಒಬ್ಬ ಗಿರಾಕಿ ಬಂದರು. ಕಪಾಟಿನ ಮಾಲು ಒಂದೂ ಮನಸ್ಸಿಗೆ ಬರಲಿಲ್ಲ. "ಅದರ ಬುಡಕ ಐತಲ್ರಿ, ಆ ನೀಲಿ ತೋರಸ್ರಿ" ಎಂದರು. ಮಾಲೀಕರು ಎಳೆದುಕೊಟ್ಟರು. ಆಮೇಲೆ ಹಸಿರು, ಆಮೇಲೆ ಗುಲಾಬಿ. ಸಂಜೆಗೆ ದೊಡ್ಡ ಆರ್ಡರ್ ಸಿಕ್ಕಿ ಮಾಲೀಕರು ಎದೆ ಉಬ್ಬಿಸಿ ನಿಂತಿದ್ದರು, ನಾನು ಮತ್ತೆ ಗೂನಾಗಿ ಕೂತಿದ್ದೆ.

ಅಜ್ಜಿಯ ಔಷಧ

ಅಜ್ಜಿ ಇಡೀ ಆಯುಷ್ಯ ತಲೆಯ ಮೇಲೆ ಕೊಡ ಹೊತ್ತವಳು, ಬೆನ್ನು ಈಗಲೂ ಕೋಲಿನ ಹಾಗೆ. "ತಲಿ ಮ್ಯಾಲ ತಂಬಿಗಿ ಇಟ್ಕೊಂಡು ಕೂಡು" ಎಂದಳು. ಕಾರಖಾನೆಯಲ್ಲಿ ಊಟದ ಹೊತ್ತಿಗೆ ಯಾರೂ ಇಲ್ಲದಾಗ ಸಿಂಬೆ ಸಮೇತ ತಂಬಿಗೆ ಇಟ್ಟುಕೊಂಡು ಡಿಸೈನ್ ಬಿಡಿಸುತ್ತಿದ್ದೆ. ಬಾಗಿಲಲ್ಲಿ ಮಾಲೀಕರು! ಒಂದು ಗಳಿಗೆ ನೋಡಿ, ಹೊರಗೆ ಹೋಗಿ ಸಿಪಾಯಿಯನ್ನು ಕೇಳಿದರು: "ಇವತ್ತೂ ನಳಾ ಬಂದಿಲ್ಲೇನೋ? ಮ್ಯಾಡಂ ನೀರಿಗೆ ಹೊಂಟಾರ!"

ನೋಡಲು ಬಂದವರು

ಅವ್ವ ಬಿಡಲಿಲ್ಲ, ಅಕ್ಕಲಕೋಟದಿಂದ ವರನನ್ನು ಕರೆಸಿದಳು. ಅವನೂ ಕಚೇರಿಯಲ್ಲಿ ಕೂತು ಕೆಲಸ ಮಾಡುವವನು.

"ತಲಿ ತಗ್ಗಸ" ಎಂದು ಅವ್ವನ ತಂಗಿ ಮೌಶಿ ತಿವಿದಳು. "ತಗ್ಗಿಸಿದ್ರ ಎತ್ತಾಕ ಬರೂದಿಲ್ಲ ಮೌಶಿ" ಎಂದು ಪಿಸುಗುಟ್ಟಿದೆ. ವರ ನನಗಿಂತ ಬಿಗಿ. ಅಪ್ಪ ಮಾತಾಡಿಸಿದರೆ ಇಡೀ ಮೈ ತಿರುಗಿಸುತ್ತಿದ್ದ, ಹೂಂ ಎನ್ನುತ್ತಿದ್ದ. ಬಗ್ಗದೆ ಚಹಾದ ಬಶಿಯನ್ನೇ ಬಾಯಿಯ ಮಟ್ಟಕ್ಕೆ ಎತ್ತುತ್ತಿದ್ದ. "ಎಷ್ಟ ಸೊಕ್ಕ ನೋಡ" ಎಂದಳು ಮೌಶಿ.

ವರನ ತಾಯಿ ಕೇಳಿದರು: "ಲಗ್ನ ಆದಮ್ಯಾಲ ಈ ಕುರ್ಚಿ ಕೆಲಸ ಬಿಡ್ತಿ, ಹೌದಲ್ಲವಾ?"

ಹೌದನ್ನು ಎಂದು ಅವ್ವ ಕಣ್ಸನ್ನೆ ಮಾಡಿದಳು. ಆದರೂ "ಇಲ್ರಿ" ಎಂದುಬಿಟ್ಟೆ.

ಆಗ ವರ ಇಡೀ ಮೈ ನನ್ನ ಕಡೆ ತಿರುಗಿಸಿದ. "ಬಿಡಬ್ಯಾಡ್ರಿ. ಇಷ್ಟ ನೆಟ್ಟಗ ಕೂಡ್ತೀರಿ, ಎಷ್ಟ ಎತ್ತರದ ಕುರ್ಚಿ ಐತ್ರಿ ನಿಮ್ದು?" ಎಂದವನೇ, ನಾಚಿಕೆಯಿಂದ ಚೀಲದಲ್ಲಿ ಮುಚ್ಚಿಟ್ಟಿದ್ದ ಕುತ್ತಿಗೆಯ ಬೆಲ್ಟ್ ತೆಗೆದು ಹಾಕಿಕೊಂಡು ಹಾಯೆಂದು ಉಸಿರುಬಿಟ್ಟ. ನನಗೆ ಎದ್ದು ಕುಣಿಯುವಷ್ಟು ಖುಷಿ.

ಮೌಶಿ ಮಾತ್ರ ಗಲ್ಲಕ್ಕೆ ಕೈ ಇಟ್ಟಳು: "ಅಯ್ಯ ಇವನ! ಹುಡುಗಿ ಕೊರಳಿಗೆ ತಾಳಿ ಬೀಳೂಕಿಂತ ಮೊದಲ ಹುಡುಗನ ಕೊರಳಿಗೆ ಪಟ್ಟಾ ಬಿತ್ತಲ್ಲ!"