ಗೆರೆ ಬೀಳದ ಮಡಿಕೆ

ಅರಸೀಕೆರೆಯ ನನ್ನ ಸೋದರಮಾವನ ಕೈಗೆ ಚಪ್ಪಟೆಯಾದ ಯಾವ ವಸ್ತುವನ್ನೂ ಕೊಡಬಾರದು ಎಂಬುದು ನಮ್ಮ ಮನೆಯ ಕಾನೂನಾಗಿತ್ತು. ಕೊಟ್ಟರೆ ಅದು ಚಪ್ಪಟೆಯಾಗಿ ಹಿಂದಿರುಗುತ್ತಿರಲಿಲ್ಲ. ಬಸ್ ಟಿಕೆಟ್ಟು ಕಪ್ಪೆಯಾಗುತ್ತಿತ್ತು, ಲಗ್ನಪತ್ರಿಕೆ ಕೊಕ್ಕರೆಯಾಗುತ್ತಿತ್ತು. ಗಂಡಸಿ ಊರಿನ ನೆಂಟರ ಮದುವೆಗೆ ನಾವು ಒಂದು ದಿನ ತಡವಾಗಿ ಹೋದದ್ದು ಏಕೆ ಗೊತ್ತೇ? ಮುಹೂರ್ತದ ತಾರೀಖು ಕೊಕ್ಕರೆಯ ಹೊಟ್ಟೆಯೊಳಗೆ ಸೇರಿಹೋಗಿತ್ತು!

ನನ್ನ ಎಂ.ಎಸ್ಸಿ. ಅಂಕಪಟ್ಟಿಯನ್ನೂ 'ನೋಡಿ ಕೊಡ್ತೀನಿ' ಎಂದು ಇಸಿದುಕೊಂಡು, ಬೆಂಕಿಪೊಟ್ಟಣದಷ್ಟು ಮಾಡಿ ಕೊಟ್ಟರು. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಸಂದರ್ಶನದ ಮೇಜಿನ ಮೇಲೆ ಅದು ತಾನಾಗಿಯೇ ಮತ್ತೆ ಮಡಚಿಕೊಂಡಿತೆಂದು ನನ್ನ ನೆನಪು. ಅಕ್ಕ 'ಶುದ್ಧ ಸುಳ್ಳು' ಅನ್ನುತ್ತಾಳೆ. ಇರಬಹುದು. ಭೌತಶಾಸ್ತ್ರ ಓದಿ ನಾನು ಗಳಿಸಿದ್ದು ಎಲ್ಲದರ ಮೇಲೆ ಅನುಮಾನ. ಈಗ ಅದು ನನ್ನ ನೆನಪನ್ನೂ ಬಿಟ್ಟಿಲ್ಲ.

ಮಾವನದು ದೇವಿಗೆ ಅಲಂಕಾರ ಮಾಡುವ ಮನೆತನ. ಉದ್ದನೆಯ ರೇಷ್ಮೆ ಸೀರೆಯನ್ನು ಬೀಸಣಿಗೆಯಂತೆ ನೆರಿಗೆ ಹಿಡಿದು, ಉಗುರಿನಿಂದ ತೀಡಿ, ಒಂದೇ ಪಿನ್ನಿಗೆ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಗುಡಿ, ಆಮೇಲೆ ಬಸ್ ನಿಲ್ದಾಣದ ಪಕ್ಕದ ಅವರ ರೇಡಿಯೊ ರಿಪೇರಿ ಅಂಗಡಿ. ಕಾಗದದ ಹುಚ್ಚು ಹತ್ತಿದ್ದು ನನ್ನನ್ನು ಕರೆದುಕೊಂಡು ಹಳೇಬೀಡಿಗೆ ಹೋದಾಗ. ಬಸ್ತಿಹಳ್ಳಿಯ ಬಸದಿ ಮುಂದೆ ಜಪಾನಿನ ಹೆಂಗಸೊಬ್ಬರು ಕೆಟ್ಟ ಕ್ಯಾಮೆರಾ ಹಿಡಿದು ನಿಂತಿದ್ದರು. ಮಾವನ ಜೇಬಿನಲ್ಲಿ ಸ್ಕ್ರೂಡ್ರೈವರ್ ಸದಾ ಇರುತ್ತಿತ್ತು. ಮೆಟ್ಟಿಲ ಮೇಲೇ ಕ್ಯಾಮೆರಾ ಬಿಚ್ಚಿದರು. ಒಳಗೆ ಕಂದುಬಣ್ಣದ ತೆಳು ಹಾಳೆ, ಅದರ ಮೇಲೆ ತಾಮ್ರದ ಗೆರೆಗಳು: ಮಡಚಬಹುದಾದ ಸರ್ಕ್ಯೂಟು. ಕಾಯುತ್ತಾ ಕುಳಿತ ಆ ಹೆಂಗಸು ಬಿಸ್ಕತ್ತಿನ ಕಾಗದದಲ್ಲಿ ಹಕ್ಕಿಯೊಂದನ್ನು ಮಡಚಿದರು. ಮಾವನ ಒಂದು ಕಣ್ಣು ಹಕ್ಕಿಯ ಮೇಲೆ, ಇನ್ನೊಂದು ಹಾಳೆಯ ಮೇಲೆ.

"ನೋಡ್ಲಾ, ಇವೆರಡೂ ನಮ್ಮ ನೆರಿಗೆ ಕಸುಬೇ ಕಣೋ" ಎಂದರು ನನಗೆ.

ಕ್ಯಾಮೆರಾ ಸರಿಹೋಯಿತೇ ಎಂದು ಕೇಳಬೇಡಿ. ಹಕ್ಕಿಯನ್ನಂತೂ ಪೂರ್ತಿ ಕಲಿತರು.

ಆ ಹೊತ್ತಿಗೆ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಒಂದು ಜ್ವರದ ನಂತರ ಕಿವಿ ಕೇಳಿಸುತ್ತಿರಲಿಲ್ಲ. ರವಿಕೆಗೆ ಸಿಕ್ಕಿಸಿಕೊಳ್ಳುವ ಶ್ರವಣಯಂತ್ರದ ಪುಟ್ಟ ಪೆಟ್ಟಿಗೆ, ಅಲ್ಲಿಂದ ಕಿವಿಗೆ ಒಂದು ವೈರು. ಬಗ್ಗಿ ಎದ್ದು ನಾಲ್ಕು ರೊಟ್ಟಿ ತಟ್ಟುವಷ್ಟರಲ್ಲಿ ವೈರು ತುಂಡು. ಹೊಸದು ಹಾಸನದಿಂದ ಬರುವವರೆಗೆ ಮೌನ. ಕೊನೆಗೆ ಅತ್ತೆ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು, "ಸಾಕು, ನಂಗೇನೂ ಕೇಳಿಸೋದು ಬೇಡ" ಎಂದುಬಿಟ್ಟರು. ಮನೆಗೆ ಬಂದವರ ಎದುರು ಕೂರುವುದನ್ನೂ ಬಿಟ್ಟರು.

ಮಾವ ಕೆಟ್ಟ ಕ್ಯಾಮೆರಾ, ಪ್ರಿಂಟರುಗಳಿಂದ ಆ ಕಂದು ಹಾಳೆಗಳನ್ನು ಕಿತ್ತು ತಂದು ವೈರಿನ ಬದಲು ಹಾಕಲು ಕೂತರು. ಪಟ್ಟಿ ಕತ್ತರಿಸಿ ನೆರಿಗೆ ಹಿಡಿದರು, ಉಗುರಿನಿಂದ ಚೆನ್ನಾಗಿ ತೀಡಿದರು. ಎಳೆದರೆ ಉದ್ದ, ಬಿಟ್ಟರೆ ಗಿಡ್ಡ. ನಾಲ್ಕನೇ ದಿನಕ್ಕೆ ಮಡಿಕೆಯ ಗೆರೆಯಲ್ಲೇ ತಾಮ್ರ ಬಿರಿಯಿತು. ಮತ್ತೆ ಮಾಡಿದರು, ಇನ್ನೂ ಜೋರಾಗಿ ತೀಡಿದರು. ಎರಡೇ ದಿನಕ್ಕೆ ಬಿರಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಹೇಳಿದರು: "ದೇವರಿಗೆ ಉಡ್ಸೋ ಹಾಗೆ ತೀಡ್ತೀರಲ್ಲಾ, ದೇವಿ ಏನು ಬಗ್ಗಿ ಪಾತ್ರೆ ತೊಳೀತಾಳಾ?"

ಮಾವ ಉಗುರನ್ನೊಮ್ಮೆ ನೋಡಿಕೊಂಡರು. ಎದ್ದು ಹೋಗಿ ಪೊರಕೆಯಿಂದ ಎರಡು ತೆಂಗಿನ ಕಡ್ಡಿ ಎಳೆದು ತಂದರು. ಅಂದಿನಿಂದ ಪ್ರತಿ ಮಡಿಕೆಯೂ ಕಡ್ಡಿಯ ಸುತ್ತ ದುಂಡಗೆ ತಿರುಗಿತು. ಮಡಿಕೆ ಉಂಟು, ಗೆರೆಯಿಲ್ಲ.

ಅದನ್ನು ಅತ್ತೆಗೆ ತೊಡಿಸಿದ ಭಾನುವಾರ ನಾನೂ ಇದ್ದೆ. "ಯಾರೂ ತುಟಿ ಬಿಚ್ಚಬೇಡಿ. ಮೊದಲ್ನೇ ಮಾತು ನಂದು" ಎಂದು ಮಾವ ತಾಕೀತು ಮಾಡಿದ್ದರು. ಅತ್ತೆಗೆ ಕೇಳಿಸಿತೆಂದು ತಿಳಿದೊಡನೆ ನಾನೇ ಮೊದಲು ಚಪ್ಪಾಳೆ ತಟ್ಟಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಅದನ್ನು ಹೇಳಿಕೊಂಡಾಗ ಅತ್ತೆ ನಕ್ಕರು.

"ಚಪ್ಪಾಳೆ ಎಲ್ಲಿ ತಟ್ದೆಯೋ? 'ಇದು ಒಂದು ವಾರಾನೂ ಬರಲ್ಲ' ಅಂತ ಬಾಗಿಲ ಹತ್ರ ಗೊಣಗಿದೆ. ನನ್ನ ಕಿವಿಗೆ ಬಿದ್ದ ಮೊದಲ್ನೇ ಮಾತೇ ಅದು."

ನಾನು ಸೋತೆ. ಆ ಪಟ್ಟಿ ವರ್ಷಗಟ್ಟಲೆ ಬಂತು ಎಂಬುದು ಬೇರೆ ಮಾತು. ಆದರೆ ಅತ್ತೆಯ ಮಾತಿನಿಂದ ಆಮೇಲಿನದೂ ನೆನಪಾಯಿತು. ತನ್ನ ಸರದಿಯನ್ನು ನಾನು ಕಸಿದದ್ದು ಮಾವನಿಗೆ ಗೊತ್ತಾಗಲೇ ಇಲ್ಲ. ಮದುವೆಯಾದಾಗಿನಿಂದ 'ಇವಳೇ', 'ಕೇಳಿಸ್ತಾ' ಎಂದಷ್ಟೇ ಕರೆಯುತ್ತಿದ್ದ ಆ ಮನುಷ್ಯ, ಅತ್ತೆಯ ಎದುರು ಮಣೆ ಹಾಕಿಕೊಂಡು ಕೂತು, ಎಲ್ಲರ ಮುಂದೆ, ಮೆಲ್ಲಗೆ ಅವರ ಹೆಸರು ಹಿಡಿದು ಕರೆದರು.

ಅತ್ತೆ ತಲೆ ತಗ್ಗಿಸಿದರು. "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಮಾವ ಗಾಬರಿಯಿಂದ ನೆರಿಗೆಯನ್ನು ಮುಟ್ಟಿ ನೋಡಿ, ಇನ್ನೊಂದು ಸಲ ಹೇಳಿದರು. ಅತ್ತೆ ಮತ್ತೆ ಇಲ್ಲವೆಂದು ತಲೆಯಾಡಿಸಿದರು. ಬಾಗಿಲ ಹತ್ತಿರದ ನನ್ನ ಗೊಣಗಾಟ ಕೇಳಿಸಿಕೊಂಡವರಿಗೆ, ಮೊಳದೂರದಲ್ಲಿ ಕೂತವರ ಮಾತು ಮೂರನೇ ಸಲಕ್ಕೂ ಕೇಳಿಸಲಿಲ್ಲವಂತೆ.