ನಾಲ್ಕು ಹಗ್ಗದ ಅಳಿಯ

ಅಳಿಯನ ಮಾನ ಹೋದದ್ದು ಒಂದು ಹಿಡಿಕೆಯಿಂದ. ಹೋದ ತಿಂಗಳು ಹೊಳೆಯತ್ತ ಮೂತಿ ಮಾಡಿ ನಿಂತಿದ್ದ ಮಾವನ ದೋಣಿಯನ್ನು ಹೊಳೆಗೆ ಬಿಡಲೆಂದು ಮೋಟಾರಿನ ಗೇರ್ ಹಿಡಿಕೆಯನ್ನು ಮುಂದಕ್ಕೆ ತಳ್ಳಿದ್ದ. ದೋಣಿ ಹಿಂದಕ್ಕೆ ನುಗ್ಗಿ ದಡದ ಚಹಾದಂಗಡಿಯ ಬೆಂಚು ಮುರಿದಿತ್ತು. ಮುಂದಕ್ಕೇ ತಳ್ಳಿದೆನೆಂದು ಆಣೆ ಇಟ್ಟು ಹೇಳಿದರೂ ಯಾರೂ ನಂಬಲಿಲ್ಲ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನಿಗೇ ಅನುಮಾನ ಬಂತು. ಅಂದಿನಿಂದ ಊರಿಗೆಲ್ಲಾ ಅವನು 'ರಿವರ್ಸ್ ಅಳಿಯ'.

ಈಗ ಆ ಹಿಡಿಕೆಯನ್ನು ಮೋಟಾರಿಗೆ ಜೋಡಿಸುವ, ತುಕ್ಕು ಹಿಡಿದ ಹಳೆಯ ಕೇಬಲ್ ತುಂಡಾಗಿ ಬಿದ್ದಿತ್ತು. ಅವನು ಪುಸ್ತಕ ನೋಡಿ, ಬಾಣದ ಗುರುತು ನೋಡಿ ಹೊಸದನ್ನು ಜೋಡಿಸಿದ್ದ. ಇವತ್ತಿನ ಪರೀಕ್ಷೆ ಗೆದ್ದರೆ ದೋಣಿ ನಡೆಸುವ ಕೆಲಸ ಅವನಿಗೆ. ಇಲ್ಲದಿದ್ದರೆ ಮಾವನ ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುವುದು ತಪ್ಪಿದ್ದಲ್ಲ. "ರೀ, ಇವತ್ತಾದ್ರೂ ನನ್ನ ಮರ್ಯಾದೆ ಉಳಿಸಿ," ಎಂದಿದ್ದ ಹೆಂಡತಿ ದಡದ ಕಟ್ಟೆಯ ಮೇಲೆ ಬಂದು ಕೂತಿದ್ದಳು.

ಈ ಸಲ ದೋಣಿಯ ಮೂತಿ ದಡದ ಕಡೆಗಿತ್ತು. ಅಳಿಯ ಅದಕ್ಕೆ ಮುಂದೆ ಎರಡು, ಹಿಂದೆ ಎರಡು ಹಗ್ಗ ಬಿಗಿದ.

"ಏನಪ್ಪಾ, ದೋಣಿ ಕಟ್ತಿದ್ದೀಯೋ ಹೋರಿ ಕಟ್ತಿದ್ದೀಯೋ?" ಎಂದ ಕ್ಷೌರಿಕ, ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದು.

"ಅವನ ಅನುಭವ ಅವನಿಗೆ," ಎನ್ನುತ್ತ ಚಹಾದಂಗಡಿಯವನು ಹೊಸ ಬೆಂಚನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡ.

ಅಳಿಯನ ಕಿವಿ ಬಿಸಿಯಾಯಿತು. ಇಂಜಿನ್ ನಿಲ್ಲಿಸುವ ಕೆಂಪು ದಾರವನ್ನು ಬೆಲ್ಟಿಗೆ ಸಿಕ್ಕಿಸಿದ. ನೀರೊಳಗೆ ತಿರುಗುವ ಫ್ಯಾನಿನ ಹತ್ತಿರ ಯಾರೂ ಇಲ್ಲವೆಂದು ಬಗ್ಗಿ ನೋಡಿದ. ಹಿಡಿಕೆ ನ್ಯೂಟ್ರಲ್‌ನಲ್ಲಿದೆಯೆಂದು ಮೂರು ಸಲ ಮುಟ್ಟಿ ನೋಡಿ ಸ್ಟಾರ್ಟ್ ಮಾಡಿದ. ಆಮೇಲೆ ಕೆಂಪು ದಾರ ಎಳೆದ. ಇಂಜಿನ್ ನಿಂತಿತು.

"ಕೆಟ್ಟೋಯ್ತು," ಎಂದ ಕ್ಷೌರಿಕ.

"ಕೆಟ್ಟಿಲ್ಲಣ್ಣ. ನಿಲ್ಲುತ್ತೋ ಇಲ್ವೋ ಅಂತ ನೋಡ್ದೆ."

"ನಿಲ್ಸೋದಕ್ಕೆ ಸ್ಟಾರ್ಟ್ ಯಾಕಪ್ಪಾ ಮಾಡ್ಬೇಕಿತ್ತು?"

ದಡವೆಲ್ಲ ನಕ್ಕಿತು. ಹೆಂಡತಿ ಮುಖ ತಿರುಗಿಸಿದಳು. ಅಳಿಯನಿಗೆ ಹೊಳೆ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

ಮತ್ತೆ ಸ್ಟಾರ್ಟ್ ಮಾಡಿ ಹಿಡಿಕೆಯನ್ನು ಮುಂದಕ್ಕೆ ಒತ್ತಿದ. ದೋಣಿ ಮುಂದಕ್ಕೆ ಜಗ್ಗಿತು. ನ್ಯೂಟ್ರಲ್‌ಗೆ ತಂದು ಹಿಂದಕ್ಕೆ ಎಳೆದ. ಹಿಂದಕ್ಕೆ ಜಗ್ಗಿತು. ವೇಗವನ್ನು ಒಂದಿಷ್ಟು ಏರಿಸಿ ಇಳಿಸಿದ. ಹಗ್ಗಗಳು ಜಪ್ಪಯ್ಯ ಅಂದರೂ ಸಡಿಲವಾಗಲಿಲ್ಲ. ನಗು ನಿಂತಿತು. ತಿಂಗಳ ಮೇಲೆ ಮೊದಲ ಸಲ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ನಕ್ಕಳು.

ಅಷ್ಟರಲ್ಲಿ ಮಾವ ಬಂದರು. "ಸಾಕು ಈ ನಾಟಕ," ಎಂದು ನಾಲ್ಕೂ ಹಗ್ಗ ಬಿಚ್ಚಿಸಿ ದೋಣಿ ಹತ್ತಿದರು. "ಇಪ್ಪತ್ತು ವರ್ಷ ಓಡಿಸಿದ ಕೈ ಇದು. ದಡದಿಂದ ಹಿಂದಕ್ಕೆ ಹೆಂಗೆ ತೆಗೀಬೇಕು, ನೋಡಿ ಕಲಿ."

ಎಂದವರೇ ಹಿಡಿಕೆಯನ್ನು ಮುಂದಕ್ಕೆ ದಬ್ಬಿದರು.

"ಮಾವ, ಅದು..." ಎನ್ನುವಷ್ಟರಲ್ಲಿ ದೋಣಿ ದಡದ ಮೆಟ್ಟಿಲು ಹತ್ತಿ ಹೊಸ ಬೆಂಚನ್ನೂ ಮುರಿಯಿತು. ಅಳಿಯ ನೀರಿಗೆ ಬಿದ್ದ. ಸೊಂಟದ ದಾರ ಕಿತ್ತುಬಂದು ಇಂಜಿನ್ ನಿಂತಿತು. ಅದೊಂದೇ ಪುಸ್ತಕದಲ್ಲಿದ್ದ ಹಾಗೆ ನಡೆದದ್ದು.

ದೋಣಿಯಲ್ಲಿ ಮುಗ್ಗರಿಸಿದ್ದ ಮಾವ, ನೀರಿನಿಂದೆದ್ದು ತಮ್ಮನ್ನು ಎಬ್ಬಿಸಲು ಬಂದ ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದರು. "ಸರಿಯಾಗಿ ಜೋಡ್ಸು ಅಂತ ಯಾರೋ ಹೇಳಿದ್ದು ನಿಂಗೆ? ಆ ಹಳೇ ಕೇಬಲ್‌ನ ಮೊದಲ್ನೇ ದಿನಾನೇ ನಾನು ಉಲ್ಟಾ ಹಾಕ್ಬಿಟ್ಟಿದ್ದೆ. ನಾಚಿಕೆಗೆ ಯಾರಿಗೂ ಹೇಳ್ಲಿಲ್ಲ. ಕೈ ಅದಕ್ಕೇ ಒಗ್ಗಿಹೋಯ್ತು."

ಹಾಗಾದರೆ ಹೋದ ತಿಂಗಳು ತಾನು ಮುಂದಕ್ಕೇ ತಳ್ಳಿದ್ದು ನಿಜ! ಒಂದು ಮಾತು ಸಾಕಿತ್ತು, ಹೋದ ಮಾನ ತಿರುಗಿ ಬರುತ್ತಿತ್ತು. ಅಳಿಯ ಬಾಯಿ ತೆರೆದ. ಮಾವ ತಲೆ ತಗ್ಗಿಸಿ ಕೂತಿದ್ದರು. ಹಾಗೆ ಕೂರುವುದು ಎಷ್ಟು ಕಷ್ಟವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ದಡದಲ್ಲಿ ಯಾರೂ ಇರಲಿಲ್ಲ.

"ಯಾರ ತಪ್ಪಪ್ಪಾ ಇದು?" ಎಂದು ಕೇಳಿದ ಕ್ಷೌರಿಕ.

"ನಂದೇ ಅಣ್ಣ. ಕೇಬಲ್ ಉಲ್ಟಾ ಹಾಕ್ಬಿಟ್ಟೆ."

ಹೆಂಡತಿ ಎದ್ದು ಮನೆಗೆ ಹೊರಟುಹೋದಳು.

ಸಂಜೆ ಮಾವ ಮೆಲ್ಲಗೆ ಅವನ ಪಕ್ಕ ಬಂದು ಕೂತರು. "ದೋಣಿ ನಾನೇ ಓಡಿಸ್ತೀನಿ ಬಿಡು. ನೀನು ನಾಳೆ ಕೇಬಲ್ ಮೊದಲಿನ ಹಾಗೇ ಹಾಕು. ಹಾಕಿ, ಸರಿಯಾಗಿ ಉಲ್ಟಾ ಹೋಗುತ್ತಾ ಅಂತ ಎಲ್ಲರ ಮುಂದೆ ನಾಲ್ಕು ಹಗ್ಗ ಕಟ್ಟಿ ನೋಡು."