ವಸುಧೆಯ ಬೆನ್ನಿಗೊಂದು ಚೀಲ

ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುವವರನ್ನು ಮನೆಯವರು ಪೇಟೆಗೆ ಕಳಿಸಬಾರದು. ಇದು ನನ್ನ ಅನುಭವದ ಮಾತು. ಪುಣೆಯ ಹತ್ತಿರದ ಭೋಸರಿಯ ಕಾರ್ಖಾನೆಯೊಂದಕ್ಕೆ ಬೋಲ್ಟು, ಬೇರಿಂಗು, ರಬ್ಬರಿನ ಸೀಲುಗಳನ್ನು ಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ನಾನು ತರಿಸಿದ ಬೇರಿಂಗು ಯಾವ ಯಂತ್ರಕ್ಕೂ ಹೊಂದದೆ ಹೋದದ್ದಿಲ್ಲ. ಯಾಕೆಂದರೆ ಅಲ್ಲಿ ಬೇಕಾದ ಅಳತೆಯನ್ನು ಬೇರೆ ಯಾರೋ ಮೊದಲೇ ಬರೆದುಕೊಟ್ಟಿರುತ್ತಿದ್ದರು. ಮನೆಯಲ್ಲಿ ಹಾಗೆ ಬರೆದುಕೊಡುವವರಿಲ್ಲ. ನಾನು ತಂದ ಕುಕ್ಕರು ಗ್ಯಾಸ್ ಒಲೆಯ ಎರಡೂ ಬರ್ನರುಗಳನ್ನು ತಾನೊಂದೇ ಆವರಿಸಿ ಕೂರುತ್ತಿತ್ತು. ನಾನು ತಂದ ಮಡಚುವ ಮಂಚ ಹೇಳಿದಂತೆಯೇ ಮಡಚುತ್ತಿತ್ತು, ಒಮ್ಮೆಯಂತೂ ಮಲಗಿದವರ ಸಮೇತ ಮಡಚಿಕೊಂಡಿತು. ಹಾಗೆ ಮಲಗಿದ್ದವರು ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಸೋದರಮಾವ. ಅಂದಿನಿಂದ ಅವರು ಪುಣೆಯಲ್ಲಿ ಏನೇ ಕೆಲಸವಿದ್ದರೂ ಅರವತ್ತು ಕಿಲೋಮೀಟರು ಆಚೆಯ ಶಿರೂರಿನ ಮಗಳ ಮನೆಯಲ್ಲಿ ಇಳಿದು, ಬಸ್ಸಿನಲ್ಲಿ ಬಂದು ಹೋಗುತ್ತಾರೆ. ನಮ್ಮ ಮನೆಗೂ ಬರುತ್ತಾರೆ, ಆದರೆ ಕುರ್ಚಿಯಲ್ಲೇ ಕೂತು ಹೊರಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಹೆಂಡತಿ ವಸುಧಾ ತನ್ನ ಬೆನ್ನಿನ ಚೀಲದ ಕೆಲಸವನ್ನು ನನಗೆ ಬಿಟ್ಟಳೆಂದರೆ ಅವಳ ಒಳ್ಳೆಯತನವನ್ನು ಊಹಿಸಿಕೊಳ್ಳಬಹುದು. ಬಿಟ್ಟಳು ಎನ್ನುವುದಕ್ಕಿಂತ ನಾನೇ ಎಳೆದುಕೊಂಡೆ ಎನ್ನುವುದು ಸರಿ. ಅವಳು ನಿಗಡಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿಕೊಂಡು ಮಕ್ಕಳ ವಹಿಗಳನ್ನು ಹೊತ್ತು ಬಲಭುಜ ನೋಯಿಸಿಕೊಂಡಿದ್ದಳು. ಡಾಕ್ಟರು ಭುಜಕ್ಕೆ ವ್ಯಾಯಾಮ ಹೇಳಿಕೊಟ್ಟು, ದಿನಾ ಒಂದಿಷ್ಟು ನಡೆಯಿರಿ ಎಂದರು. ನಡೆಯಲು ನಮ್ಮ ಮನೆಯ ಹತ್ತಿರವೇ ದುರ್ಗಾ ಟೇಕಡಿ ಎಂಬ ಸಣ್ಣ ಗುಡ್ಡ ಇತ್ತು. ಟೇಕಡಿಯ ಮೇಲೆ ಲೇಲೆ ಬಾಯಿ ಇದ್ದರು. ಅವರು ನಿವೃತ್ತ ನರ್ಸ್, ತೆಳ್ಳಗಿನ ಹೆಂಗಸು. ಬೆಳಿಗ್ಗೆ ನಡೆಯಲು ಬರುವ ಹೆಂಗಸರನ್ನು ಕೂಡಿಸಿಕೊಂಡು ತಿಂಗಳಿಗೊಂದು ಭಾನುವಾರ ಯಾವುದಾದರೂ ಕೋಟೆ ಹತ್ತಿಸುವುದು ಅವರ ಹವ್ಯಾಸ. ಮೊದಲ ಸಲ ವಸುಧಾ ಲೋಹಗಡ ಹತ್ತಿ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮುಖ ಕೆಂಪಾಗಿತ್ತು, ಸೀರೆಯ ಬದಲು ಸಲ್ವಾರ್ ತೊಟ್ಟಿದ್ದಳು, ಅದರ ತುಂಬ ಮುಳ್ಳುಬೀಜಗಳು ಅಂಟಿಕೊಂಡಿದ್ದವು. ಚಹಾ ಕುಡಿಯುತ್ತ ಆ ಗಾಳಿ, ಆ ಬಾಗಿಲು, ಮೇಲಿನ ಕೆರೆ ಎಂದು ಹೇಳುತ್ತಲೇ ಇದ್ದಳು. ಅಷ್ಟು ಮಾತಾಡಿದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಕೊನೆಗೆ ಬಟ್ಟಲು ಎತ್ತಿಡಲು ಹೋದಳು, ಕೈ ಏಳಲಿಲ್ಲ. ಹೆಗಲಿಗೆ ಜೋಲುವ ಶಾಲೆಯ ಚೀಲವನ್ನೇ ಕೋಟೆಗೂ ಒಯ್ದಿದ್ದಳು.

"ಭುಜ ಹಿಂಗ ನೋವು ಕೊಟ್ಟರ ಮುಂದಿನ ಸಲ ಹ್ಯಾಂಗ ಹೋಗಲಿ?" ಎಂದಳು.

"ಚೀಲದ್ದೇನು, ನಾ ತರತೇನಿ" ಎಂದೆ ನಾನು.

ಬೆನ್ನಿಗೆ ಹಾಕುವ ಚೀಲಕ್ಕೆ ಪುಣೆಯಲ್ಲಿ ಎಲ್ಲರೂ ಸ್ಯಾಕ್ ಎನ್ನುತ್ತಾರೆ. ಈಗ ಐಟಿ ಕಂಪನಿಗಳಿಂದ ತುಂಬಿದ ಹಿಂಜವಾಡಿಯಲ್ಲಿ ಆಗಿನ್ನೂ ಜೋಳದ ಹೊಲಗಳಿದ್ದ ಕಾಲ. ಇಂದಿನ ಹಾಗೆ ಆಫೀಸಿಗೆ ಹೋಗುವವರೆಲ್ಲ ಬೆನ್ನಿಗೊಂದು ಸ್ಯಾಕ್ ಏರಿಸಿಕೊಂಡು ತಿರುಗುತ್ತಿರಲಿಲ್ಲ. ಆದ್ದರಿಂದ ವಿಚಾರಿಸಿಯೇ ಮುಂದುವರಿಯಬೇಕೆಂದು ನನ್ನ ಪಕ್ಕದ ಮೇಜಿನ ದೇಸಾಯಿಯನ್ನು ಕೇಳಿದೆ. ಗದಗಿನವನು, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದವನು. ಅವನು ಪೆನ್ನು ಕೆಳಗಿಟ್ಟು, "ಸಾಹೇಬ್ರ, ದೊಡ್ಡದು ತಗೊಳ್ರಿ. ದೊಡ್ಡದರಾಗ ಸಣ್ಣ ಸಾಮಾನು ಹಿಡಿತದ. ಸಣ್ಣದರಾಗ ದೊಡ್ಡ ಸಾಮಾನು ಹಿಡಿತದೇನ್ರಿ?" ಎಂದ. ಖರೀದಿ ವಿಭಾಗದವರಿಗೆ ಇಂಥ ತರ್ಕ ತಕ್ಷಣ ಒಪ್ಪಿಗೆಯಾಗುತ್ತದೆ.

ಲಕ್ಷ್ಮೀ ರಸ್ತೆಯ ಹಿಂದಿನ ಓಣಿಯಲ್ಲಿ ಗುಡ್ಡ ಹತ್ತುವವರ ಸಾಮಾನು ಮಾರುವ ಅಂಗಡಿಯೊಂದಿತ್ತು. ಗೋಡೆಯ ತುಂಬ ಸ್ಯಾಕುಗಳು ಕೆಂಪು, ನೀಲಿ, ಹಸಿರು ಬಣ್ಣಗಳಲ್ಲಿ ತೂಗುತ್ತಿದ್ದವು. ಅಂಗಡಿಯವನು ಯಾರಿಗೆ ಎಂದು ಕೇಳಿದ. ಮನೆಯವರಿಗೆ ಎಂದೆ. ಅವರು ಬಂದಿದ್ದಾರೆಯೇ ಎಂದ. ಅವರು ಯಾಕೆ ಬರಬೇಕು, ನಾನಿದ್ದೇನಲ್ಲ ಎಂದೆ. ಅವನು ಇನ್ನೇನೂ ಕೇಳದೆ ಒಂದೊಂದನ್ನೇ ಇಳಿಸಿಕೊಟ್ಟ. ನಾನು ಒಂದೊಂದನ್ನೇ ನನ್ನ ಬೆನ್ನಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಅವೆಲ್ಲ ಖಾಲಿಯಾಗಿದ್ದವೆಂಬುದು ಆಗ ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಖಾಲಿ ಚೀಲ ಯಾರ ಬೆನ್ನಿಗೂ ಹಗುರವೇ. ಕೊನೆಗೆ ಕೇಸರಿ ಬಣ್ಣದ ದೊಡ್ಡದೊಂದನ್ನು ಹಾಕಿಕೊಂಡಾಗ ಕನ್ನಡಿಯಲ್ಲಿ ಕಂಡ ಮನುಷ್ಯ ನನಗೆ ಬಹಳ ಹಿಡಿಸಿದ. ಹೊಟ್ಟೆಯ ಮೇಲೆ ಸೊಂಟದ ಪಟ್ಟಿ, ಎದೆಯ ಮೇಲೆ ಇನ್ನೊಂದು ಪಟ್ಟಿ, ಹಿಂದೆಲ್ಲ ಕಿಸೆಗಳು, ಕಿಸೆಗಳ ಮೇಲೆ ಮತ್ತೆ ಕಿಸೆಗಳು. ಬೇರಿಂಗು ಕೊಳ್ಳುವವನಂತೆ ಅವನು ಕಾಣಲೇ ಇಲ್ಲ. ಅದನ್ನೇ ಕಟ್ಟಿಸಿಕೊಂಡು ಬಂದೆ.

ಮನೆಯಲ್ಲಿ ವಸುಧಾ ಅದನ್ನು ಹಾಕಿಕೊಂಡಳು. ಅವಳು ನನ್ನ ಹೆಗಲಿಗೆ ಬರುತ್ತಾಳೆ. ಸೊಂಟದ ಪಟ್ಟಿ ಅವಳ ತೊಡೆಗೆ ಬಂತು. ಎದೆಯ ಪಟ್ಟಿ ಹೊಟ್ಟೆಗೆ ಬಂತು. ಚೀಲದ ತಲೆ ಅವಳ ತಲೆಗಿಂತ ಮೇಲಕ್ಕೆ ಹೋಗಿ, ಹಿಂದಿನಿಂದ ನೋಡಿದರೆ ಚೀಲವೇ ಎರಡು ಕಾಲು ಹಚ್ಚಿಕೊಂಡು ಹೊರಟಂತಿತ್ತು.

"ಅಡ್ಜಸ್ಟ್ ಆಗ್ತದ, ತಡಿ" ಎಂದು ನಾನು ಸಿಕ್ಕ ಸಿಕ್ಕ ಪಟ್ಟಿಗಳನ್ನೆಲ್ಲ ಎಳೆದೆ. ಎಳೆದಷ್ಟೂ ಪಟ್ಟಿಗಳ ಬಾಲಗಳು ಉದ್ದವಾಗಿ ಜೋತುಬಿದ್ದವೇ ಹೊರತು ಚೀಲ ಗಿಡ್ಡವಾಗಲಿಲ್ಲ.

"ಇದು ಛಲೋ ಅದರಿ" ಎಂದಳು ವಸುಧಾ ತಾಳ್ಮೆಯಿಂದ. "ನಿಮ್ಮ ಬೆನ್ನಿಗೆ ಛಲೋ ಅದ. ನನ್ನ ಬೆನ್ನು ಬ್ಯಾರೆ ಅದಲ್ರಿ."

ಆದರೂ ನನ್ನ ಮನಸ್ಸು ನೋಯಿಸಬಾರದೆಂದು ಮರುದಿನ ಬೆಳಿಗ್ಗೆ ಅದರಲ್ಲಿ ನೀರಿನ ಬಾಟಲಿಗಳನ್ನಿಟ್ಟುಕೊಂಡು ಟೇಕಡಿಗೆ ಹೋದಳು. ಬರುವಾಗ ಎಡಗೈಯಿಂದ ಬಲಭುಜ ಹಿಡಿದುಕೊಂಡೇ ಬಂದಳು. ಭಾರವೆಲ್ಲ ಸೊಂಟದ ಮೇಲೆ ಕೂರುವ ಬದಲು ಭುಜದಿಂದ ಜೋಲುತ್ತಿತ್ತು. ಚಪಾತಿ ಲಟ್ಟಿಸುತ್ತ, ನನ್ನ ಕಡೆ ನೋಡದೆ, "ಲೇಲೆ ಬಾಯಿಗೆ ಈ ತಿಂಗಳು ಬರೂದಿಲ್ಲ ಅಂತ ಹೇಳಿಬಿಡ್ತೇನಿ. ನನಗ ಗುಡ್ಡ ಆಗಿಬರೂದಿಲ್ಲ ಅನಸ್ತದ" ಎಂದಳು. ಅವಳು ಬೈದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ಬೈಯಲಿಲ್ಲ. ಲೋಹಗಡದ ಗಾಳಿಯ ಬಗ್ಗೆ ಮಾತಾಡಿದ ಆ ಬಾಯಿ ಇನ್ನು ಮೇಲೆ ಬರೀ ತರಕಾರಿ, ಹಾಲು, ಪರೀಕ್ಷೆಯ ಪೇಪರುಗಳ ಬಗ್ಗೆ ಮಾತಾಡುವುದೆಂದು ನನಗೆ ಅನಿಸಿತು.

"ಶನಿವಾರ ಇಬ್ಬರೂ ಅಂಗಡಿಗೆ ಹೋಗೋಣು" ಎಂದೆ.

ಅವಳು ಬಂದದ್ದು ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದುಕೊಂಡು. ಬಸ್ಸಿನಲ್ಲಿ ನಾನು ಅದರೊಳಗೇನು ಎಂದು ಕೇಳಲಿಲ್ಲ. ಅಂಗಡಿಯಲ್ಲಿ ಅದು ಬಿಚ್ಚಿಕೊಂಡಿತು. ತುಂಬಿದ ನೀರಿನ ಬಾಟಲಿಗಳು, ಜೋಳದ ಹಿಟ್ಟಿನ ಪೊಟ್ಟಣ, ಬುತ್ತಿಯ ಡಬ್ಬಿ, ಒಂದು ಸ್ವೆಟರ್. ಕೋಟೆಗೆ ಹೋಗುವಾಗ ಎಷ್ಟು ಭಾರವಿರುತ್ತದೋ ಅಷ್ಟನ್ನು ಕಟ್ಟಿಕೊಂಡು ಬಂದಿದ್ದಳು. ಅಂಗಡಿಯವನಿಗೆ ಮರಾಠಿಯಲ್ಲಿ, ತುಂಬಿ ನೋಡಬಹುದೇ ಎಂದು ಕೇಳಿದಳು. ಅವನು ಸಂತೋಷದಿಂದ ಸ್ಟೂಲು ಹಾಕಿಕೊಟ್ಟ. ಒಂದು ಸ್ಯಾಕು ತುಂಬಿ, ಹಾಕಿಕೊಂಡು, ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಮೇಲಿನ ದರ್ಜಿಯ ಬಾಗಿಲವರೆಗೆ ಹೋಗಿ ಬಂದಳು. ಬಿಚ್ಚಿ, ಅವೇ ಸಾಮಾನುಗಳನ್ನು ಇನ್ನೊಂದಕ್ಕೆ ತುಂಬಿ, ಮತ್ತೆ ಹತ್ತಿ ಇಳಿದಳು. ಮೇಲೆ ದರ್ಜಿ ಹೊಲಿಗೆ ನಿಲ್ಲಿಸಿ ಯಾರೋ ಅಳತೆ ಕೊಡಲು ಬಂದರೆಂದು ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದನಂತೆ. ನಾನು ಕೆಳಗೆ ಸ್ಟೂಲಿನ ಮೇಲೆ ಕೂತು ಖಾಲಿ ಬಟ್ಟೆಯ ಚೀಲ ಹಿಡಿದುಕೊಂಡಿದ್ದೆ.

ಕೊನೆಗೆ ಅವಳು ಆರಿಸಿದ್ದು ಬೂದಿ ಬಣ್ಣದ್ದು, ಸಣ್ಣದು, ನೋಡಲು ಏನೇನೂ ಇಲ್ಲದ್ದು. "ಇದಕ್ಕ ಕಿಸೇನ ಇಲ್ಲಲ್ಲ" ಎಂದೆ.

"ಕಿಸೆ ಯಾಕ ಬೇಕ್ರಿ? ಇದನ್ನ ಹಾಕ್ಕೊಂಡು ಮೆಟ್ಟಲಾ ಹತ್ತಿದಾಗ ಬೆನ್ನ ಮ್ಯಾಲ ಏನೋ ಅದ ಅನ್ನೂದ ಮರತುಹೋತು" ಎಂದಳು.

ಹೀಗೆ ಒಂದು ತಿಂಗಳಲ್ಲಿ ನಮ್ಮ ಮನೆಗೆ ಎರಡು ಸ್ಯಾಕುಗಳು ಬಂದವು. ಕೇಸರಿ ಬಣ್ಣದ್ದು ಅಟ್ಟದ ಮೇಲಿನಿಂದ ದಿನಾ ನನ್ನನ್ನು ನೋಡುತ್ತಿತ್ತು. ತಂದ ಸಾಮಾನು ಕೆಲಸಕ್ಕೆ ಬಾರದೆ ಬಿದ್ದಿರುವುದನ್ನು ನಮ್ಮ ವಿಭಾಗದವರು ಸಹಿಸಲಾರರು. ಲೇಲೆ ಬಾಯಿ ಆ ತಿಂಗಳು ತಿಕೋನಾ ಕೋಟೆಗೆ ಹೊರಟಿದ್ದರು. ಗಂಡಂದಿರಿಗೂ ಅವಕಾಶವಿದೆಯೇ ಎಂದು ವಿಚಾರಿಸಿದೆ. ನಡೆಯುವ ಗಂಡಂದಿರಿಗೆ ಇದೆ ಎಂದು ಉತ್ತರ ಬಂತು.

ದೊಡ್ಡ ಚೀಲದ ಒಂದು ಗುಣವೆಂದರೆ ಅದು ಖಾಲಿ ಇರಲು ಒಪ್ಪುವುದಿಲ್ಲ. ನಾನು ಅದರಲ್ಲಿ ನೀರು, ಚಾದರ, ಟಾರ್ಚು, ಹಗ್ಗ, ಛತ್ರಿ, ಎಲ್ಲರಿಗೂ ಆಗಲೆಂದು ಡಬ್ಬಿಯ ತುಂಬ ಶೇಂಗಾ ಉಂಡಿ, ಕೊನೆಗೆ ಜಾಗ ಉಳಿಯಿತೆಂದು ಒಂದು ಕಲ್ಲಂಗಡಿ ಹಣ್ಣನ್ನೂ ಇಟ್ಟೆ. ಹಣ್ಣು ಮೇಲೆಯೇ ಇತ್ತು. ಲೋಕಲ್ ರೈಲಿನಲ್ಲಿ ಕಾಮಶೇತಿಗೆ ಹೋಗಿ, ಅಲ್ಲಿಂದ ರಿಕ್ಷಾಗಳಲ್ಲಿ ಬುಡಕ್ಕೆ ತಲುಪುವವರೆಗೆ ಎಲ್ಲವೂ ಸೊಗಸಾಗಿತ್ತು. ಹತ್ತಲು ಶುರುಮಾಡಿದ ಮೇಲೆ ಕಲ್ಲಂಗಡಿ ತನ್ನ ಅಭಿಪ್ರಾಯ ಹೇಳತೊಡಗಿತು. ನಾನು ಎಡಕ್ಕೆ ಹೆಜ್ಜೆ ಇಟ್ಟರೆ ಅದು ಬಲಕ್ಕೆ ವಾಲುತ್ತಿತ್ತು. ಮೇಲೆ ನೋಡೋಣವೆಂದರೆ ಚೀಲದ ತಲೆ ನನ್ನ ತಲೆಯನ್ನು ಮುಂದಕ್ಕೆ ತಳ್ಳುತ್ತಿತ್ತು. ದಾರಿಯುದ್ದಕ್ಕೂ ನನಗೆ ಕಂಡದ್ದು ನನ್ನ ಬೂಟುಗಳು ಮಾತ್ರ.

ತಿಕೋನಾದ ಕೊನೆಯ ಮೆಟ್ಟಿಲುಗಳು ಬಹಳ ಕಡಿದಾದವು. ಬಂಡೆಯಲ್ಲಿ ಕೊರೆದ ಎತ್ತರದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಪಕ್ಕದಲ್ಲಿ ಕಬ್ಬಿಣದ ಹಗ್ಗ. ಅಲ್ಲಿ ಅರ್ಧಕ್ಕೆ ಬಂದಾಗ ನನ್ನ ಚೀಲದಿಂದ ಜೋಲುತ್ತಿದ್ದ ಪಟ್ಟಿಯ ಬಾಲವೊಂದು ಆ ಹಗ್ಗದ ಗೂಟಕ್ಕೆ ಸಿಕ್ಕಿಕೊಂಡಿತು. ಮುಂದಿನ ಹೆಜ್ಜೆ ಎತ್ತಿದವನನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಕಲ್ಲಂಗಡಿ ಒಂದು ಕಡೆ ಉರುಳಿತು, ನಾನೂ ಅದೇ ಕಡೆ ವಾಲಿದೆ. ಎರಡೂ ಕೈಯಿಂದ ಹಗ್ಗ ಹಿಡಿದು ಹೇಗೋ ಮೆಟ್ಟಿಲ ಮೇಲೆ ಕುಸಿದು ಕೂತೆ. ಕೆಳಗೆ ನೋಡಬಾರದು ಎಂದುಕೊಂಡೆ, ನೋಡಿದೆ.

ಮೇಲಿನಿಂದ ವಸುಧಾ ಇಳಿದು ಬಂದಳು. ಓಡಲಿಲ್ಲ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಬಂದಳು. ನನ್ನ ಪಕ್ಕದಲ್ಲಿ ಕೂತು, "ಅಲ್ಲಾಡಬ್ಯಾಡ್ರಿ. ಉಸಿರು ತಗೊಳ್ರಿ" ಎಂದಳು. ಗೂಟದಿಂದ ಪಟ್ಟಿ ಬಿಡಿಸಿ, ಚೀಲವನ್ನು ನನ್ನ ಬೆನ್ನಿನಿಂದ ಇಳಿಸಿದಳು. ಕೈಯಿಂದ ಕೈಗೆ ದಾಟಿಸುತ್ತ ಹೆಂಗಸರು ಅದನ್ನು ಮೇಲಿನ ಬಾಗಿಲ ಬಳಿಯ ಸಮತಟ್ಟಿಗೆ ಒಯ್ದರು. ನಾನು ಹಿಂದಿನಿಂದ ಕೈಬೀಸಿಕೊಂಡು ಹತ್ತಿದೆ. ಅಲ್ಲಿ ಲೇಲೆ ಬಾಯಿ ಚೀಲ ಬಿಚ್ಚಿ ಒಳಗೆ ನೋಡಿದರು. ಹೆಂಗಸರು ಗೆಳತಿಯ ಗಂಡನನ್ನು ಕರೆಯುವ ಹಾಗೆ ನನ್ನನ್ನು ಭಾವೋಜಿ ಎನ್ನುತ್ತಿದ್ದರು. "ಭಾವೋಜಿ, ಇದನ್ನು ಹಗುರ ಮಾಡುವ ದಾರಿ ಒಂದೇ ಇದೆ" ಎಂದು ಮರಾಠಿಯಲ್ಲಿ ಹೇಳಿ ಕಲ್ಲಂಗಡಿಯನ್ನು ಬಂಡೆಗೆ ಕುಟ್ಟಿ ಒಡೆದರು. ಹಣ್ಣು ಹಂಚಿಹೋಯಿತು. ಶೇಂಗಾ ಉಂಡಿಗಳೂ ಹೋದವು. ನಾನು ತಂದದ್ದನ್ನು ಎಲ್ಲರೂ ಇಷ್ಟು ಮೆಚ್ಚಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಉಳಿದದ್ದನ್ನು ವಸುಧಾ ಮತ್ತೆ ಜೋಡಿಸಿದಳು. ನೀರಿನ ಬಾಟಲಿ ಬೆನ್ನಿಗೆ ತಾಗಿ, ಚಾದರ ಕೆಳಗೆ, ಪಟ್ಟಿಗಳ ಬಾಲಗಳನ್ನು ಸುತ್ತಿ ಒಳಗೆ. ಸೊಂಟದ ಪಟ್ಟಿಯನ್ನು ತಾನೇ ಬಿಗಿದು, "ಈಗ ಹ್ಯಾಂಗ ಅನಸ್ತದರಿ?" ಎಂದಳು.

"ಹಗುರ ಅನಸ್ತದ. ನಿನ್ನ ಭುಜ?"

ಅವಳು ಬಲಗೈಯನ್ನು ತಲೆಯ ಮೇಲೆ ಪೂರ್ತಿ ಎತ್ತಿ ತೋರಿಸಿದಳು. ಹಿಂದೆ ಪವನಾ ಅಣೆಕಟ್ಟಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

ಮದುವೆಯಾದಂದಿನಿಂದ ಪೇಟೆಗೆ, ಸ್ಟೇಷನ್ನಿಗೆ, ಮದುವೆ ಮುಂಜಿಯ ಮಂಗಲ ಕಾರ್ಯಾಲಯಗಳಿಗೆ ನಾನು ಮುಂದೆ, ಅವಳು ಹಿಂದೆ ನಡೆದು ರೂಢಿ. ಅಂದು ಮಾತ್ರ ಕೋಟೆ ಇಳಿಯುವಾಗಲೂ ಅವಳೇ ಮುಂದಿದ್ದಳು. ಅವಳ ಬೆನ್ನನ್ನು ನಾನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಸಣ್ಣ ಬೆನ್ನು, ನೆಟ್ಟಗಿತ್ತು. ಆ ಬೂದಿ ಬಣ್ಣದ ಚೀಲ ಅದಕ್ಕೆ ಹೊಂದಿಕೊಂಡು ಅವಳು ಬಾಗಿದರೆ ಬಾಗುತ್ತ, ತಿರುಗಿದರೆ ತಿರುಗುತ್ತ ಇಳಿಯುತ್ತಿತ್ತು. ಆಯ್ಕೆ ಬಹಳ ಚೆನ್ನಾಗಿದೆ ಎಂದು ಹೇಳಬೇಕೆನಿಸಿತು. ಹೇಗೆ ಹೇಳಬೇಕೆಂದು ಒಂದೆರಡು ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದಿ, ಅವುಗಳಲ್ಲಿ ಉತ್ತಮವಾದದ್ದನ್ನು ಆರಿಸಿಕೊಂಡು, "ವಸುಧಾ" ಎಂದು ಕೂಗಿದೆ. ತಂಡದ ಕೊನೆಯವರನ್ನು ಕಾಯುತ್ತ ನನ್ನ ಬೆನ್ನ ಹಿಂದೆಯೇ ಬರುತ್ತಿದ್ದ ಲೇಲೆ ಬಾಯಿ, ಅವಳು ಆಗಲೇ ತಿರುವು ದಾಟಿ ಹೋದಳು, ಏನಿದ್ದರೂ ನನಗೆ ಹೇಳಿ ಎಂದರು. ಹೇಳುವಂಥದ್ದೇನೂ ಇಲ್ಲವೆಂದು ನಾನು ಮತ್ತೆ ಬೂಟು ನೋಡಿಕೊಂಡು ಇಳಿದೆ.